ಹೆಪ್ಪು ಬಿಡಿ

ನನ್ನ ಸೊಸೆ ಸಾಲ್ತನತ್‌ಗೆ ಮೊಸರು ಮಾಡಲು ಬರುವುದಿಲ್ಲ. ಈ ಮಾತನ್ನು ನಾನು ಐದಾರು ವರ್ಷಗಳಿಂದ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದಿದ್ದೇನೆ. ಅವಳು ಹೆಪ್ಪು ಹಾಕಿದ ಹಾಲು ಒಂದೋ ಒಡೆದು ಹುಳಿ ನೀರಾಗುತ್ತದೆ, ಇಲ್ಲವೇ ಮರುದಿನವೂ ಹಾಲಾಗಿಯೇ ಕೂತಿರುತ್ತದೆ. ನನ್ನ ಹೆಪ್ಪು ನನಗೆ ನನ್ನ ಅತ್ತೆಯಿಂದ ಬಂದದ್ದು, ಅವರಿಗೆ ಅವರ ಅತ್ತೆಯಿಂದ. ನಲವತ್ತು ವರ್ಷಗಳಲ್ಲಿ ಒಂದು ದಿನವೂ ನಾಳೆಗೆಂದು ಒಂದು ಚಮಚ ತೆಗೆದಿಡದೆ ನಾನು ಮೊಸರಿನ ಪಾತ್ರೆ ತೊಳೆದವಳಲ್ಲ. ನಮ್ಮ ಕಜಾಕರಲ್ಲಿ ಮನೆಯವರು ಚದುರದ ಹಾಗೆ ಹಿಡಿದಿಟ್ಟುಕೊಂಡ ಹೆಂಗಸನ್ನೂ ಹೆಪ್ಪು ಎಂದೇ ಕರೆಯುತ್ತಾರೆ. ನನ್ನ ಅರವತ್ತನೆಯ ಹುಟ್ಟುಹಬ್ಬದ ದಿನ ಬಂಧುಗಳೆಲ್ಲ ಎದ್ದು ನಿಂತು, ‘ಕನಿಪಾ ನಮ್ಮ ಮನೆತನದ ಹೆಪ್ಪು’ ಎಂದಾಗ ಬಾಯಲ್ಲಿ ಬೇಡ ಬೇಡ ಎನ್ನುತ್ತ ಒಳಗೊಳಗೇ ಹಿಗ್ಗಿದ್ದೆ.

ಅಂಥ ನನಗೆ ಆಗಸ್ಟ್ ತಿಂಗಳ ಒಂದು ಭಾನುವಾರ ಕರಗಂದಾದಿಂದ ಸಾಲ್ತನತ್ ಫೋನ್ ಮಾಡಿದಳು.

“ಅಪಾ, ಇಪ್ಪತ್ತೈದಕ್ಕೆ ಬರ್ತೀನಿ. ಎರ್ಕೆನ ಕರ್ಕೊಂಡು ಹೋಗ್ತೀನಿ. ಸೆಪ್ಟೆಂಬರ್ ಒಂದಕ್ಕೆ ಇಲ್ಲೇ ಒಂದನೇ ಕ್ಲಾಸಿಗೆ ಸೇರಿಸ್ತೀವಿ.”

“ಇದು ಕೇಳ್ತಿರೋದೋ, ಹೇಳ್ತಿರೋದೋ?” ಎಂದೆ.

“ಹೇಳ್ತಿದೀನಿ ಅಪಾ,” ಎಂದಳು. ಧ್ವನಿ ನಡುಗುತ್ತಿತ್ತು. ಆದರೂ ಹೇಳಿದಳು.

ಎರ್ಕೆ ನನ್ನ ಮಗ ದೌರೆನ್‌ನ ಚೊಚ್ಚಲ ಮಗಳು; ಅವಳ ಪುಟ್ಟ ತಮ್ಮ ಕರಗಂದಾದಲ್ಲಿ ಅಪ್ಪ ಅಮ್ಮನ ಹತ್ತಿರವೇ ಇದ್ದಾನೆ. ಚೊಚ್ಚಲ ಮಗು ಅಜ್ಜ ಅಜ್ಜಿಯ ಮಡಿಲಿಗೆ ಎಂಬುದು ನಮ್ಮ ಕಡೆಯ ರೂಢಿ. ಅವಳಿಗೆ ವರ್ಷ ತುಂಬಿದ ವಾರವೇ ನಾನು ಕರಗಂದಾಕ್ಕೆ ಹೋಗಿ ಅವಳನ್ನು ಎತ್ತಿಕೊಂಡು ಅಲ್ಮಾತಿಗೆ ಬಂದೆ. ನನ್ನ ಗಂಡ ತೀರಿಕೊಂಡು ಆಗ ಮೂರು ತಿಂಗಳು. ಮನೆಯಲ್ಲಿ ಗಡಿಯಾರದ ಸದ್ದೊಂದೇ ಇತ್ತು. ಎರ್ಕೆ ಬಂದ ಮೇಲೆ ಆ ಗಡಿಯಾರ ಕೆಟ್ಟದ್ದೂ ನನಗೆ ಗೊತ್ತಾಗಲಿಲ್ಲ. ಅವಳು ನನ್ನನ್ನು ಅಪಾ ಎನ್ನುತ್ತಾಳೆ. ನಮ್ಮಲ್ಲಿ ಆ ಮಾತು ಅಜ್ಜಿಗೂ ಸಲ್ಲುತ್ತದೆ, ತಾಯಿಗೂ ಸಲ್ಲುತ್ತದೆ, ನನ್ನ ವಯಸ್ಸಿನ ಯಾರಿಗೂ ಸಲ್ಲುತ್ತದೆ. ಹೆತ್ತವಳನ್ನು ಅಕ್ಕ ಎನ್ನುತ್ತಾಳೆ. ಎರಡು ವರ್ಷದವಳಿದ್ದಾಗ, ವಸಂತದ ನೌರಿಸ್ ಹಬ್ಬಕ್ಕೆ ಬಂದಿದ್ದ ಸಾಲ್ತನತ್‌ಳ ಲಂಗದ ಅಂಚು ಹಿಡಿದು ಮಗು ತಾನಾಗಿಯೇ ‘ಅಮ್ಮ’ ಎಂದಿತ್ತು. “ಅಮ್ಮ ಅಲ್ಲ ಚಿನ್ನ, ಅಕ್ಕ ಅನ್ನು,” ಎಂದು ತಿದ್ದಿದವಳು ನಾನೇ. ಸಾಲ್ತನತ್ ಆಗ ಎಲ್ಲರಿಗೂ ಚಹಾ ಸುರಿಯುತ್ತಿದ್ದಳು. ಒಂದು ಹನಿಯೂ ಹೊರಗೆ ಚೆಲ್ಲಲಿಲ್ಲ.

ಫೋನ್ ಬಂದ ಮರುದಿನ ಸೋಮವಾರ. ಎರ್ಕೆಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಟ್ರಾಲಿಬಸ್ ಹತ್ತಿ ಕೆಲಸಕ್ಕೆ ಹೋದೆ.

ನನ್ನ ಕೆಲಸ ಕೋಶಗಳಿಗೆ ಉಣ್ಣಿಸುವುದು. ಸಂಶೋಧನಾಲಯದಲ್ಲಿ ಇಪ್ಪತ್ತಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಮೊದಲು ಕುರಿಯ ಕೋಶಗಳಿದ್ದವು, ಈಗ ನಾಲ್ಕು ವರ್ಷಗಳಿಂದ ಮನುಷ್ಯರ ಮಿದುಳಿನ ಕಾಂಡಕೋಶಗಳು. ಕಾಂಡಕೋಶ ಎಂಬುದು ಪುಸ್ತಕದವರ ಮಾತು. ನಾನು ತಾಯಿಕೋಶ ಎನ್ನುತ್ತೇನೆ. ಇನ್‌ಕ್ಯುಬೇಟರಿನ ಬೆಚ್ಚಗಿನ ಕತ್ತಲೆಯಲ್ಲಿ, ಸಣ್ಣ ತಟ್ಟೆಗಳಲ್ಲಿ, ಗುಲಾಬಿ ಬಣ್ಣದ ರಸ ಕುಡಿದುಕೊಂಡು ಇರುತ್ತವೆ. ಹಳೆಯ ರಸ ಹೀರಿ ತೆಗೆದು ಹೊಸ ರಸ ಹಾಕಬೇಕು. ಆ ರಸಕ್ಕೆ ಪುಟ್ಟ ಸೀಸೆಯೊಂದರಿಂದ ಒಂದು ಹನಿ ಬೆರೆಸಬೇಕು. ಅದರ ಹೆಸರು ಒಂದು ಮೊಳ ಉದ್ದ, ನಾಲಿಗೆಗೆ ಹೊರಳುವುದಿಲ್ಲ. ಇಷ್ಟೇ ಇಷ್ಟು ಸಾಕಲ್ಲ ಎಂದು ನಾನು ಅದಕ್ಕೆ ಹೆಪ್ಪು ಎಂದು ಹೆಸರಿಟ್ಟೆ.

ನಮ್ಮ ಡಾಕ್ಟರ್ ಶಿನಾರ್ ಇದಕ್ಕೆ ನಕ್ಕಿದ್ದಳು. ಮೂವತ್ತನಾಲ್ಕು ವರ್ಷದ ಹುಡುಗಿ. ನನಗೆ ಸಂಬಳ ಸಿಗುವುದು ಅವಳ ಸಹಿಯಿಂದ, ಅವಳು ಬೈಸಿಕೊಳ್ಳುವುದು ನನ್ನಿಂದ.

“ಅಪಾ, ಹೆಸರು ತಿರುಗುಮುರುಗು ಆಯ್ತು. ಹೆಪ್ಪು ಬಿದ್ರೆ ಹಾಲು ಬೇರೆ ಏನೋ ಆಗತ್ತೆ. ಇದು ಬಿದ್ರೆ ಇವು ಏನೂ ಆಗದೆ ಇದ್ದ ಹಾಗೇ ಇರ್ತವೆ. ಇದನ್ನ ಕೊಡೋದು ನಿಲ್ಲಿಸಿದ್ರೇನೇ ಇವು ಏನಾದ್ರೂ ಆಗೋದು.”

“ನೀನು ಮೊದ್ಲು ಒಂದು ಬಟ್ಟಲು ಮೊಸರು ಮಾಡಿ ತೋರ್ಸು. ಆಮೇಲೆ ನನ್ನ ಹೆಸರು ತಿದ್ದೋಕೆ ಬಾ,” ಎಂದಿದ್ದೆ. ಹೆಸರು ಉಳಿಯಿತು. ಈಗ ಶಿನಾರ್ ಕೂಡ ಹೆಪ್ಪು ಎಂದೇ ಬರೆಯುತ್ತಾಳೆ.

ಅವಳು ಹೇಳಿದ್ದು ನಿಜ. ಆ ಹನಿ ಸಿಗುತ್ತಿರುವಷ್ಟು ದಿನ ತಾಯಿಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ, ಎಲ್ಲವೂ ತಾಯಿಯ ಹಾಗೆಯೇ ದುಂಡಗೆ ಕೂತಿರುತ್ತವೆ. ಹನಿ ನಿಂತ ಮೇಲೆ ಒಂದೊಂದಾಗಿ ಬೇರೆಯಾಗತೊಡಗುತ್ತವೆ. ಕೆಲವು ನರಕೋಶಗಳಾಗುತ್ತವೆ. ಕೆಲವು ನಕ್ಷತ್ರದ ಹಾಗೆ ಕೈಕಾಲು ಚಾಚಿ, ನರಕೋಶಗಳಿಗೆ ಊಟ ನೀರು ನೋಡಿಕೊಳ್ಳುವ ಕೋಶಗಳಾಗುತ್ತವೆ. ಇನ್ನು ಕೆಲವು ನರದ ಎಳೆಗಳಿಗೆ ಕೊಬ್ಬಿನ ಪಟ್ಟಿ ಸುತ್ತುವ ಕೋಶಗಳಾಗುತ್ತವೆ. ಹನಿ ನಿಲ್ಲಿಸುವ ಆ ವಾರದ ಕೆಲಸವನ್ನು ಶಿನಾರ್ ಯಾವಾಗಲೂ ತಾನೇ ಮಾಡುತ್ತಿದ್ದಳು. ಈ ಸಲ ಅವಳು ಅಸ್ತಾನಾದ ಸಭೆಗೆ ಹೋಗಬೇಕಾಗಿ ಬಂದು, ಇನ್‌ಕ್ಯುಬೇಟರಿನ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಳು: ‘ಅಪಾ, ಎರಡನೇ ತಟ್ಟೆ. ಇವತ್ತಿನಿಂದ ಹೆಪ್ಪು ಬಿಡಿ. ನಿಮ್ಮ ಶಿನಾರ್.’

ನಾನು ಆ ಚೀಟಿಯ ಮುಂದೆ ಬಹಳ ಹೊತ್ತು ನಿಂತೆ.

ನಮ್ಮ ಮನೆಗಳಲ್ಲಿ ಹೆಪ್ಪು ಬಿಡು ಎಂದರೆ ಎರಡು ಅರ್ಥ. ಹಾಲಿಗೆ ಹೆಪ್ಪು ಬಿಡು, ಅಂದರೆ ಹಾಕು. ನಾಳೆಗೆ ಹೆಪ್ಪು ಬಿಡು, ಅಂದರೆ ಒಂದು ಚಮಚ ಉಳಿಸು. ಹೆಪ್ಪನ್ನು ಬಿಟ್ಟುಬಿಡು, ಕೊಡಬೇಡ ಎಂಬ ಮೂರನೆಯ ಅರ್ಥದಲ್ಲಿ ನಮ್ಮ ಏಳು ತಲೆಮಾರಿನಲ್ಲಿ ಯಾವ ಹೆಂಗಸೂ ಆ ಮಾತು ಆಡಿರಲಾರಳು. ಸೀಸೆ ತೆಗೆದೆ. ಎಂದಿನಂತೆ ಒಂದು ಹನಿ ಬಿಟ್ಟೆ. ಆ ವಾರ ಪೂರ್ತಿ ಬಿಟ್ಟೆ. ಪ್ರತಿ ಸಲ ತಟ್ಟೆಯನ್ನು ಒಳಗಿಟ್ಟು ಬಾಗಿಲು ಮುಚ್ಚುವಾಗ ‘ಉಣ್ಣಿ ಮಕ್ಕಳೇ’ ಎಂದೆ. ಮನೆಗೆ ಹೋಗಿ ಎರ್ಕೆಯ ಬಟ್ಟಲಿಗೆ ಮೊಸರು ಬಡಿಸುವಾಗಲೂ ಅದೇ ಮಾತು.

ಶನಿವಾರ ಶಿನಾರ್ ಬಂದವಳೇ ಹೆಗಲ ಚೀಲ ಕೂಡ ಇಳಿಸದೆ ಮೈಕ್ರೊಸ್ಕೋಪಿಗೆ ಕಣ್ಣು ಹಚ್ಚಿದಳು. ನಾನು ಕಿಟಕಿಯ ಹತ್ತಿರ ಚಹಾಕ್ಕೆ ನೀರಿಡುತ್ತಿದ್ದೆ.

“ಅಪಾ, ಇವು ಯಾಕೆ ಇನ್ನೂ ಕೂಸುಗಳ ಹಾಗೇ ಕೂತಿವೆ?”

“ಹೇಗೆ ಕೂತಿವೆ?”

“ದುಂಡಗೆ, ಒತ್ತೊತ್ತಾಗಿ. ಒಂದೂ ಕೈ ಚಾಚಿಲ್ಲ. ಹೆಪ್ಪು ಬಿಟ್ರಿ ತಾನೆ?”

“ಬಿಟ್ಟೆ.”

“ಅಂದ್ರೆ... ಕೊಡಲಿಲ್ಲ ತಾನೆ?”

“ಕೊಟ್ಟೆ. ನೀನೇ ಬರ್ದಿದೀಯಲ್ಲ, ಬಿಡಿ ಅಂತ.”

ಅವಳು ಎದ್ದು ಹೋಗಿ ಬಾಗಿಲಿನ ಚೀಟಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹಣೆಯನ್ನು ಇನ್‌ಕ್ಯುಬೇಟರಿನ ಬಾಗಿಲಿಗೆ ಆನಿಸಿ ನಗತೊಡಗಿದಳು. ಐದು ತಿಂಗಳು ಸಾಕಿದ ತಟ್ಟೆ ಅದು. ಅವಳು ಕಿರುಚಿದ್ದರೆ ನಾನೂ ಎರಡು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವಳು ಕಣ್ಣೊರೆಸಿಕೊಂಡು, “ತಪ್ಪು ನಂದೇ ಅಪಾ. ಯಾವ ಕಜಾಕ್ ಹೆಂಗಸಿಗೆ ಯಾರಾದ್ರೂ ಹೀಗೆ ಬರೀತಾರಾ?” ಎಂದಳು.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ನಾನು ಮುಗಿಸಲಿಲ್ಲ.

“ನಂಗೆ ಗೊತ್ತಿತ್ತು,” ಎಂದೆ. “ದಿನಾ ಮಾಡೋ ಕೆಲಸ ಮಾಡು ಅಂತ ಯಾರೂ ಚೀಟಿ ಅಂಟಿಸಿ ಹೋಗಲ್ಲ. ಕೊಡಬೇಡ ಅಂತಲೇ ಬರ್ದಿದೀಯ ಅಂತ ಗೊತ್ತಿತ್ತು. ಕೈ ಕೇಳಲಿಲ್ಲ.”

ಶಿನಾರ್ ಕುರ್ಚಿ ಎಳೆದು ನನ್ನೆದುರು ಕೂತಳು. ನಾನು ಭಾನುವಾರದ ಫೋನಿನ ವಿಷಯ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಸಾಂತ್ವನ ಹೇಳಲು ಬರುವುದಿಲ್ಲ ಅವಳಿಗೆ. ಅವಳಿಗೆ ಬರುವುದು ಕೋಶಗಳ ವಿಷಯ ಒಂದೇ.

“ಬನ್ನಿ ಇಲ್ಲಿ, ನೋಡಿ,” ಎಂದು ನನ್ನನ್ನು ಮೈಕ್ರೊಸ್ಕೋಪಿನ ಮುಂದೆ ಕೂರಿಸಿದಳು. “ನಡುವೆ ಕಪ್ಪಗೆ ಕಾಣ್ತಿದೆಯಲ್ಲ, ಅಲ್ಲಿ ಸಾಯ್ತಿದಾವೆ. ಜಾಗ ಇಲ್ಲ, ಉಸಿರಿಲ್ಲ. ನೀವು ಕಮ್ಮಿ ಕೊಟ್ಟಿದ್ದಕ್ಕಲ್ಲ, ನಿಲ್ಲಿಸದೆ ಕೊಟ್ಟಿದ್ದಕ್ಕೆ. ಅಂಚಿನಲ್ಲಿ ಇರೋವು ಇನ್ನೂ ಚೆನ್ನಾಗಿವೆ. ಅವನ್ನ ತೆಗೆದು ಹೊಸ ತಟ್ಟೆಗೆ ಹಾಕೋಣ. ಈ ಸಲ ನೀವೇ ನಿಲ್ಲಿಸಬೇಕು.”

“ನನ್ನ ಕೈಲಿ ಆಗಲ್ಲ.”

“ನಿಮ್ಮ ಕೈಯಷ್ಟು ಮೆತ್ತಗಿನ ಕೈ ಈ ಕಟ್ಟಡದಲ್ಲಿ ಯಾರಿಗೂ ಇಲ್ಲ. ನಾನು ಮುಟ್ಟಿದ್ರೆ ಅರ್ಧ ಸಾಯ್ತವೆ.”

ಅದು ನಿಜವೂ ಹೌದು. ಅಂಚಿನ ಕೋಶಗಳನ್ನು ಎಬ್ಬಿಸಿ, ಹಳೆಯ ಹನಿಯ ಸುಳಿವೂ ಉಳಿಯದ ಹಾಗೆ ಎರಡು ಸಲ ತೊಳೆದು, ಹೊಸ ತಟ್ಟೆಗೆ ಹಾಕಿದೆ. ಬರಿಯ ರಸ. ಸೀಸೆಯನ್ನು ಶಿನಾರ್ ತನ್ನ ಜೇಬಿಗೆ ಹಾಕಿಕೊಂಡಳು, ನನ್ನ ಮೇಲೆ ಅಷ್ಟು ನಂಬಿಕೆ!

ಮೊದಲ ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಕೆಲವು ಸತ್ತವು, ನಾನು ಶಿನಾರ್ ಜೊತೆ ಮಾತು ಬಿಟ್ಟೆ. ಆರನೆಯ ದಿನ ಬೆಳಿಗ್ಗೆ ನೋಡಿದರೆ ಒಂದು ಕೋಶ ಕೂದಲಿಗಿಂತ ತೆಳ್ಳಗಿನ ಎಳೆಯೊಂದನ್ನು ಹೊರಗೆ ಚಾಚಿತ್ತು. ಎಳೆಯ ತುದಿಯಲ್ಲಿ ಪುಟ್ಟ ಅಂಗೈ ಇತ್ತು, ಬೆರಳುಗಳೂ ಇದ್ದವು. ಅದು ಕತ್ತಲಲ್ಲಿ ಗೋಡೆ ತಡವುವವರ ಹಾಗೆ ತಟ್ಟೆಯನ್ನು ತಡವುತ್ತಿತ್ತು. ಸಂಜೆಯ ಹೊತ್ತಿಗೆ ಅದು ಪಕ್ಕದ ಇನ್ನೊಂದು ಕೋಶವನ್ನು ಮುಟ್ಟಿತ್ತು. ನಾನು ಇಪ್ಪತ್ತಾರು ವರ್ಷ ಉಣ್ಣಿಸಿದ್ದೇನೆಯೇ ಹೊರತು, ಉಣ್ಣಿಸುವುದು ನಿಂತ ಮೇಲೆ ಏನಾಗುತ್ತದೆ ಎಂದು ಕೂತು ನೋಡಿರಲಿಲ್ಲ.

“ಯಾರನ್ನ ಹುಡುಕ್ತಿದೆ ಅದು?” ಎಂದು ಕೇಳಿದೆ.

“ಯಾರನ್ನಾದ್ರೂ. ಒಂಟಿಯಾಗಿದ್ರೆ ನರಕೋಶ ಬದುಕಲ್ಲ. ನಾಲ್ಕು ಜನರ ಪರಿಚಯ ಮಾಡ್ಕೊಳ್ಳಲೇಬೇಕು.”

ಮರುದಿನ ಊಟದ ಹೊತ್ತಿನಲ್ಲಿ ಎಣ್ಣೆಯಲ್ಲಿ ಕರಿದ ಬೌರ್ಸಾಕ್ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಶಿನಾರ್ ಗರ್ಭದೊಳಗಿನ ಮಗುವಿನ ಮಿದುಳಿನ ಕಥೆ ಹೇಳಿದಳು. ಅಲ್ಲಿ ತಾಯಿಕೋಶ ಒಳಗೆ ಕೂತು ತನ್ನ ಒಂದು ಕೈಯನ್ನು ಮಿದುಳಿನ ಹೊರಗಿನ ಅಂಚಿನವರೆಗೂ ಚಾಚಿಕೊಂಡಿರುತ್ತದಂತೆ. ಹುಟ್ಟಿದ ಮಕ್ಕಳು ಆ ಕೈ ಹಿಡಿದು ಮೇಲಕ್ಕೆ ಹತ್ತುತ್ತವೆ. ಮೊದಲು ಹುಟ್ಟಿದ್ದು ಹತ್ತಿರದಲ್ಲೇ ನೆಲೆ ನಿಲ್ಲುತ್ತದೆ. ಆಮೇಲೆ ಹುಟ್ಟಿದ್ದು ಅಣ್ಣಂದಿರನ್ನು ದಾಟಿ ಇನ್ನೂ ಮೇಲೆ ಹೋಗುತ್ತದೆ. ಕೊನೆಯದು ಎಲ್ಲರಿಗಿಂತ ದೂರ.

“ನೋಡಿದ್ಯಾ? ಮೊದಲನೇದು ಮನೆ ಹತ್ತಿರವೇ ಇರತ್ತೆ,” ಎಂದೆ, ಕೂಡಲೇ.

“ಹತ್ತಿರ ಅಂದ್ರೂ ಹೋಗತ್ತೆ ಅಪಾ. ಅದೂ ಆ ಕೈ ಹತ್ತಿಯೇ ಹೋಗತ್ತೆ.”

ಸ್ವಲ್ಪ ಹೊತ್ತು ಚಹಾ ಕುಡಿದೆವು. ಆಮೇಲೆ ನಾನೇ ಕೇಳಿದೆ, “ಎಲ್ಲಾ ಹತ್ತಿ ಹೋದ್ಮೇಲೆ ಆ ತಾಯಿ ಗತಿ ಏನು? ಕೈ ಚಾಚ್ಕೊಂಡೇ ಕೂತಿರ್ತಾಳಾ?”

“ಇಲ್ಲ. ಮೆಲ್ಲಗೆ ಕೈ ಒಳಗೆಳ್ಕೊಳ್ತಾಳೆ. ಆಮೇಲೆ ಸುಮಾರು ತಾಯಂದಿರು ತಾವೇ ಬದಲಾಗ್ತಾರೆ. ನಕ್ಷತ್ರದ ಹಾಗಿರೋ ಕೋಶ ಇದೆಯಲ್ಲ, ಅದಾಗ್ತಾರೆ. ಮಕ್ಕಳ ಮಧ್ಯೆಯೇ ಹೋಗಿ ಸೇರ್ಕೊಂಡು, ಅವಕ್ಕೆ ಊಟ, ಕಸ, ಜಗಳ ಎಲ್ಲಾ ನೋಡ್ಕೊಳ್ತಾರೆ.”

“ಅಂದ್ರೆ ಅಜ್ಜಿ ಆಗ್ತಾಳೆ ಅನ್ನು.”

“ಪುಸ್ತಕದಲ್ಲಿ ಹಾಗೆ ಬರ್ದಿಲ್ಲ,” ಎಂದು ಶಿನಾರ್ ನಕ್ಕಳು. “ಬರೀಬಹುದಿತ್ತು.”

ಇಷ್ಟೆಲ್ಲ ಕೇಳಿದ ಮೇಲೆ ನಾನು ಬುದ್ಧಿ ಕಲಿತೆ ಎಂದುಕೊಳ್ಳಬೇಡಿ. ತಟ್ಟೆಯ ವಿಷಯ ತಟ್ಟೆಗೆ, ಮನೆಯ ವಿಷಯ ಮನೆಗೆ. ಇಪ್ಪತ್ತೈದನೆಯ ತಾರೀಕು ಬೆಳಿಗ್ಗೆ ಸಾಲ್ತನತ್ ಚಾಕೊಲೇಟ್ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಎದೆಯಲ್ಲಿ ಇದ್ದದ್ದು ಬರಿಯ ಸಿಟ್ಟು. ಎರ್ಕೆ ನನ್ನ ಬೆನ್ನ ಹಿಂದೆ ಅಡಗಿಕೊಂಡು, “ಅಕ್ಕ ಬಂದ್ಳು,” ಎಂದಳು.

ಸೊಸೆ ಇರುವಾಗ ಅತ್ತೆ ಚಹಾ ಸುರಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಆವತ್ತು ನಾನೇ ಕೆಟಲ್ ಹಿಡಿದು ಕೂತೆ, ನೀನು ಈ ಮನೆಗೆ ಹೊರಗಿನವಳು ಎಂದು ತೋರಿಸಲಿಕ್ಕೆ. ಅಷ್ಟು ಸಾಲದೆಂದು ಅವಳ ಬಟ್ಟಲನ್ನು ಕಂಠಮಟ್ಟ ತುಂಬಿಸಿ ಕೊಟ್ಟೆ. ಮರ್ಯಾದೆಯಿದ್ದವರಿಗೆ ಅರ್ಧ ಬಟ್ಟಲು ಕೊಡುತ್ತೇವೆ. ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಎಂದರ್ಥ. ಸಾಲ್ತನತ್ ಆ ಬಟ್ಟಲನ್ನು ನೋಡಿದಳು, ನನ್ನನ್ನು ನೋಡಿದಳು, ಎರಡೂ ಕೈಯಲ್ಲಿ ಎತ್ತಿ ಪೂರ್ತಿ ಕುಡಿದಳು.

“ಇನ್ನೊಂದು ಕೊಡಿ ಅಪಾ. ಅದನ್ನೂ ತುಂಬಿಸಿಯೇ ಕೊಡಿ. ನಾನಂತೂ ಅವಳನ್ನ ಬಿಟ್ಟು ಏಳಲ್ಲ.”

“ಮೊಸರು ಮಾಡೋಕೆ ಬರಲ್ಲ, ಮಗು ಸಾಕ್ತಾಳಂತೆ,” ಎಂದೆ. “ಎರ್ಕೆ ನನ್ನ ಮೊಸರು ಬಿಟ್ರೆ ಬೇರೆ ಮುಟ್ಟಲ್ಲ, ಗೊತ್ತಾ? ಅಲ್ಲಿ ಏನು ತಿನ್ನಿಸ್ತೀಯ?”

ಸಾಲ್ತನತ್ ಬಟ್ಟಲು ಕೆಳಗಿಟ್ಟಳು. ಎರ್ಕೆ ಒಳಕೋಣೆಯಲ್ಲಿ ಚಾಕೊಲೇಟ್ ಡಬ್ಬಿ ಬಿಚ್ಚುವ ಸದ್ದು ಕೇಳುತ್ತಿತ್ತು.

“ನೀವು ಎರ್ಕೆನ ಎತ್ಕೊಂಡು ಹೋದ್ಮೇಲೆ ನಂಗೆ ಹನ್ನೊಂದು ದಿನ ಹಾಲು ನಿಲ್ಲಲಿಲ್ಲ,” ಎಂದಳು. “ದೌರೆನ್‌ಗೂ ಹೇಳಲಿಲ್ಲ. ಬಚ್ಚಲಲ್ಲಿ ಹಿಂಡಿ ಚೆಲ್ತಿದ್ದೆ. ಆಮೇಲಿಂದ... ಹೆಪ್ಪು ಹಾಕೋಕೆ ಮುಂಚೆ ಹಾಲು ಎಷ್ಟು ಬೆಚ್ಚಗಿದೆ ಅಂತ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡ್ಬೇಕಲ್ಲ ಅಪಾ, ನೀವೇ ಕಲಿಸಿದ್ದು. ಆ ಬೆಚ್ಚಗಿನ ಹನಿ ಮೈ ಮೇಲೆ ಬಿದ್ರೆ ನಂಗೆ ಆಗಲ್ಲ. ಅದಕ್ಕೆ ನೋಡದೇ ಹಾಕಿಬಿಡ್ತೀನಿ. ಒಂದ್ಸಲ ಜಾಸ್ತಿ ಬಿಸಿ ಇರತ್ತೆ, ಒಂದ್ಸಲ ತಣ್ಣಗಿರತ್ತೆ.”

ನನಗೆ ನಾಚಿಕೆಯಾಯಿತು. ಇಂಥ ನಾಚಿಕೆ ನನ್ನ ಜೀವಮಾನದಲ್ಲಿ ಆಗಿರಲಿಲ್ಲ. ಮದುವೆ ಮನೆಗಳಲ್ಲಿ, ಹಬ್ಬಗಳಲ್ಲಿ, ಬಸ್ಸಿನಲ್ಲಿ ಸಿಕ್ಕಿದವರ ಹತ್ತಿರವೂ ಇವಳ ಮೊಸರಿನ ಮಾತಾಡಿ ನಗಿಸಿದ್ದೆ. ಅವಳು ಎದುರಿಗೆ ಕೂತಿದ್ದಾಗಲೂ ನಗಿಸಿದ್ದೆ. ಆಗೆಲ್ಲ ಅವಳು ತಲೆ ತಗ್ಗಿಸಿ ಚಹಾ ಸುರಿಯುತ್ತಿದ್ದಳು. ನಾನು ಅದನ್ನು ದಡ್ಡತನ ಎಂದುಕೊಂಡಿದ್ದೆ.

ಕೆಟಲನ್ನು ಅವಳ ಕಡೆ ಸರಿಸಿದೆ. “ನೀನೇ ಸುರಿ,” ಎಂದೆ. ಅವಳು ನನ್ನ ಬಟ್ಟಲಿಗೆ ಅರ್ಧ ಸುರಿದಳು. ಸ್ವಲ್ಪ ಮೇಜಿನ ಬಟ್ಟೆಯ ಮೇಲೆ ಚೆಲ್ಲಿತು. ಇಬ್ಬರೂ ಒರೆಸಲಿಲ್ಲ.

ಆಮೇಲೆ ಮೂವರೂ ಅಡುಗೆಮನೆಗೆ ಹೋದೆವು. ಹಾಲು ಕಾಯಿಸಿ ಆರಲು ಇಟ್ಟು, ಎರ್ಕೆಯನ್ನು ಸ್ಟೂಲಿನ ಮೇಲೆ ನಿಲ್ಲಿಸಿದೆ.

“ಎರ್ಕೆ, ಕೈ ಕೊಡು ಇಲ್ಲಿ. ನಿಮ್ಮಕ್ಕಂಗೆ ಹಾಲಿನ ಬಿಸಿ ಗೊತ್ತಾಗಲ್ಲ. ಇನ್ಮೇಲೆ ನೀನೇ ಹೇಳ್ಬೇಕು.”

ಸಾಲ್ತನತ್ ಚಮಚದಿಂದ ಮಗುವಿನ ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟಳು.

“ಬಿಸಿ!” ಎಂದಳು ಎರ್ಕೆ. ಕಾದೆವು. ಇನ್ನೊಂದು ಹನಿ. “ಇನ್ನೂ ಬಿಸಿ.” ಮತ್ತೆ ಕಾದೆವು. ಮೂರನೆಯ ಹನಿಗೆ ಅವಳು ಕಣ್ಣು ಮುಚ್ಚಿ, ದೊಡ್ಡ ಹೆಂಗಸಿನ ಹಾಗೆ ಯೋಚಿಸಿ, “ಈಗ ಸರಿ, ಹಾಕಕ್ಕ,” ಎಂದಳು. ನನಗೆ ನಗುವೂ ಬಂತು, ಅಳುವೂ ಬಂತು.

ಮೂರು ದಿನ ಕಳೆದು ಇಬ್ಬರನ್ನೂ ಮಧ್ಯಾಹ್ನದ ರೈಲಿಗೆ ಹತ್ತಿಸಲು ಹೋದೆ. ಹೆಪ್ಪಿನ ಬಾಟಲಿಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ಸಾಲ್ತನತ್‌ಳ ಮಡಿಲಲ್ಲಿಟ್ಟೆ. ಎರ್ಕೆ ಅಲ್ಲಿಯವರೆಗೂ ಕುಣಿಯುತ್ತಿದ್ದವಳು ನಾನು ಬೋಗಿಯಿಂದ ಕೆಳಗಿಳಿದ ಕೂಡಲೇ ನನ್ನ ತೋಳು ಹಿಡಿದುಕೊಂಡಳು. ಬಿಡಲೊಲ್ಲಳು. ಕಿಟಕಿಯಿಂದ ಅರ್ಧ ಮೈ ಹೊರಗಿತ್ತು. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸಾಲ್ತನತ್‌ಳ ಕೈಗೆ ಹಿಡಿಸಿದೆ. ಯಾರೂ ಹೇಳಿಕೊಡದೆ ಆ ಬೆರಳುಗಳು ಅಲ್ಲಿ ಬಿಗಿಯಾಗಿ ಹಿಡಿದುಕೊಂಡವು. ರೈಲು ಹೋದ ಮೇಲೂ ನಾನು ಬೆಂಚಿನ ಮೇಲೆ ಕೂತಿದ್ದೆ.

ಮನೆಗೆ ಬಂದು ಎಂದಿನಂತೆ ಹಾಲು ಕಾಯಿಸಿದೆ. ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿದೆ. ಹೆಪ್ಪಿನ ಬಟ್ಟಲಿಗೆ ಕೈ ಹಾಕಿದಾಗ ಗೊತ್ತಾಯಿತು, ನಾನು ಎಲ್ಲವನ್ನೂ ಬಾಟಲಿಗೆ ಸುರಿದು ಕೊಟ್ಟಿದ್ದೆ. ಬಟ್ಟಲು ತೊಳೆದು ಮಗುಚಿ ಇಟ್ಟಿದ್ದೆ. ನಲವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆಂದು ಒಂದು ಚಮಚ ಬಿಡಲು ಮರೆತಿದ್ದೆ. ಆ ಹಾಲನ್ನು ಹಾಲಾಗಿಯೇ ಕುಡಿದು ಮಲಗಿದೆ.

ಸೆಪ್ಟೆಂಬರ್ ಮೂರರ ಸಂಜೆ ಎರ್ಕೆಯೇ ಫೋನ್ ಮಾಡಿದಳು. ಶಾಲೆಯ ಬಿಳಿ ರಿಬ್ಬನ್, ಪಕ್ಕದಲ್ಲಿ ಕೂರುವ ಹುಡುಗಿಯ ಹಲ್ಲು ಬಿದ್ದದ್ದು, ತಮ್ಮ ಇವಳ ಪೆನ್ಸಿಲ್ ಕಚ್ಚಿದ್ದು ಎಲ್ಲ ಒಂದೇ ಉಸಿರಿನಲ್ಲಿ ಬಂತು.

“ಅಪಾ, ಮೊಸರು ಆಯ್ತು! ಗಟ್ಟಿ! ಚಮಚ ನೆಟ್ಟಗೆ ನಿಲ್ತು! ಅಮ್ಮ ನನ್ನ ಕೈ ಮೇಲೆ ಹನಿ ಬಿಟ್ಳು, ನಾನು ಸರಿ ಅಂದೆ, ಆಯ್ತು!”

“ಯಾರು ಬಿಟ್ಳು? ಸರಿಯಾಗಿ ಕೇಳಿಸ್ಲಿಲ್ಲ,” ಎಂದೆ. ಸರಿಯಾಗಿಯೇ ಕೇಳಿಸಿತ್ತು.

“ಅಮ್ಮ. ಅಮ್ಮ ಬಿಟ್ಳು ಅಪಾ.”

ಐದು ವರ್ಷಗಳ ಹಿಂದೆ ನಾನು ತಿದ್ದಿದ ಮಾತು ಮಗುವಿನ ಬಾಯಿಗೆ ತಾನಾಗಿಯೇ ಮರಳಿ ಬಂದಿತ್ತು. ಎದೆಯಲ್ಲಿ ಏನೋ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಚುಚ್ಚಿದ ಜಾಗದಲ್ಲೇ ಬೆಚ್ಚಗೂ ಆಯಿತು. ಅಷ್ಟರಲ್ಲಿ ಅತ್ತ ಸಾಲ್ತನತ್ ಏನೋ ಹೇಳಿಕೊಟ್ಟದ್ದು ಕೇಳಿಸಿತು.

“ಅಪಾ,” ಎಂದಳು ಎರ್ಕೆ, “ಅಮ್ಮ ಹೇಳಿದ್ಳು, ನೀನು ನಿಂಗೆ ಹೆಪ್ಪು ಬಿಟ್ಕೊಂಡಿಲ್ವಂತೆ, ಬಾಟ್ಲಿ ಅಷ್ಟು ತುಂಬಿರೋದು ನೋಡಿದ್ರೆ ಗೊತ್ತಾಗತ್ತಂತೆ. ಅದಕ್ಕೆ ನಿಂಗೆ ಅಂತ ಒಂದು ಚಮಚ ಬಿಟ್ಟಿದೀವಿ. ಯಾವಾಗ ಬರ್ತೀಯ?”

“ಶುಕ್ರವಾರ,” ಎಂದೆ.